ಬರ ಬರುವ ಮೊದಲೇ ಇದ್ದ ಕೊಕ್ಕು

(ಜೀವವಿಕಾಸ ಕುರಿತ ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಜೀವವಿಕಾಸದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಬಹುಮಂದಿ ಹೇಳುವ ಒಂದು ವಾಕ್ಯವಿದೆ: "ಪರಿಸರ ಬದಲಾಯಿತು, ಅದಕ್ಕೆ ತಕ್ಕಂತೆ ಜೀವಿಯೂ ಬದಲಾಯಿತು." ಕೇಳಲು ಸರಳವಾಗಿರುವ, ತರಗತಿಯ ಟಿಪ್ಪಣಿಗಳಲ್ಲಿಯೂ ಪರೀಕ್ಷೆಯ ಉತ್ತರಗಳಲ್ಲಿಯೂ ಸಲೀಸಾಗಿ ಓಡಾಡುವ ಈ ವಾಕ್ಯದಲ್ಲಿ ಕಾಲದ ಅನುಕ್ರಮವೇ ತಲೆಕೆಳಗಾಗಿದೆ ಎಂಬುದನ್ನು ತೋರಿಸುವುದೇ ಇಂದಿನ ನನ್ನ ಉದ್ದೇಶ. ಬದಲಾವಣೆಗೆ ಬೇಕಾದ ಸಾಮಗ್ರಿ ಜೀವಿಗಳೊಳಗೆ ಮೊದಲೇ ಇರುತ್ತದೆ. ಸಂಕಟ ಆಮೇಲೆ ಬರುತ್ತದೆ. ಸಂಕಟವು ಹೊಸದೇನನ್ನೂ ಕಡೆದು ಕೊಡುವುದಿಲ್ಲ, ಇದ್ದುದರಲ್ಲಿ ಆರಿಸುತ್ತದೆ, ಅಷ್ಟೆ. ಆರಿಸಲು ಏನೂ ಇಲ್ಲದಿದ್ದರೆ ಆ ಜೀವಿಸಮೂಹ ಅಳಿಯುತ್ತದೆ. ಒಂದೇ ಪ್ರಭೇದದ ಒಂದು ಜೀವಿಗೂ ಇನ್ನೊಂದಕ್ಕೂ ನಡುವೆ ಇರುವ, ತಂದೆತಾಯಿಯಿಂದ ಮಕ್ಕಳಿಗೆ ದಾಟುವ ಸಣ್ಣಪುಟ್ಟ ವ್ಯತ್ಯಾಸಗಳನ್ನು ಆನುವಂಶಿಕ ವೈವಿಧ್ಯ ಎನ್ನುತ್ತೇವೆ. ಆರಿಸಿಕೊಳ್ಳಲು ಇರುವ ದಾಸ್ತಾನು ಅದೇ.

ಇದನ್ನು ಕಣ್ಣಾರೆ ಕಂಡು, ಅಳೆದು, ದಶಕಗಟ್ಟಲೆ ಬರೆದಿಟ್ಟವರು ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ. ಪೆಸಿಫಿಕ್ ಸಾಗರದ ಗ್ಯಾಲಪಗಸ್ ದ್ವೀಪಸ್ತೋಮದಲ್ಲಿ ಡ್ಯಾಫ್ನಿ ಮೇಜರ್ ಎಂಬ ಪುಟ್ಟ ದ್ವೀಪವಿದೆ. ಅದರ ವಿಸ್ತೀರ್ಣ ಅರ್ಧ ಚದರ ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಜನವಸತಿಯಿಲ್ಲದ, ಕುಡಿಯುವ ನೀರಿಲ್ಲದ ಆ ಕಲ್ಲುಗುಡ್ಡದ ಮೇಲೆ ಅವರು 1973ರಲ್ಲಿ ಕೆಲಸ ಆರಂಭಿಸಿದರು. ಅಲ್ಲಿನ ಮಧ್ಯಮ ಗಾತ್ರದ ನೆಲಫಿಂಚ್ ಹಕ್ಕಿಗಳನ್ನು ಒಂದೊಂದಾಗಿ ಹಿಡಿದು, ಕಾಲಿಗೆ ಬಣ್ಣದ ಬಳೆ ತೊಡಿಸಿ, ತೂಕ, ರೆಕ್ಕೆಯ ಉದ್ದ, ಕೊಕ್ಕಿನ ದಪ್ಪ ಎಲ್ಲವನ್ನೂ ದಾಖಲಿಸಿ ಬಿಡುವುದು ಅವರ ಕೆಲಸ. ಯಾವ ಹಕ್ಕಿ ಯಾರ ಮರಿ, ಯಾರ ಜೋಡಿ ಎಂಬುದು ಅವರಿಗೆ ನಮ್ಮ ಊರಿನ ಮನೆತನಗಳಷ್ಟೇ ಪರಿಚಿತವಾಗಿತ್ತು. ಈ ಪ್ರಭೇದದ ಕೊಕ್ಕುಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವುಗಳಲ್ಲ. ಕೆಲವು ಹಕ್ಕಿಗಳದು ತೆಳು, ಕೆಲವದು ದಪ್ಪ, ಹೆಚ್ಚಿನವು ನಡುವೆ. ತಂದೆತಾಯಿಗಳ ಅಳತೆಯನ್ನು ಮರಿಗಳ ಅಳತೆಯ ಪಕ್ಕದಲ್ಲಿಟ್ಟು ನೋಡಿದಾಗ ದಪ್ಪ ಕೊಕ್ಕಿನವುಗಳಿಗೆ ದಪ್ಪ ಕೊಕ್ಕಿನ ಮರಿಗಳೇ ಹುಟ್ಟುವುದು ಸ್ಪಷ್ಟವಾಗಿತ್ತು. ಅಂದರೆ ಈ ವ್ಯತ್ಯಾಸ ಬಹುಮಟ್ಟಿಗೆ ವಂಶದಿಂದ ಬಂದದ್ದು.

1977ರಲ್ಲಿ ಮಳೆ ಕೈಕೊಟ್ಟಿತು. ಹಿಂದಿನ ವರ್ಷ ಮಳೆಗಾಲದಲ್ಲಿ ಸುಮಾರು 130 ಮಿಲಿಮೀಟರ್ ಸುರಿದಿದ್ದ ಜಾಗದಲ್ಲಿ ಆ ವರ್ಷ ಬಿದ್ದದ್ದು 24 ಮಿಲಿಮೀಟರ್. ಗಿಡಗಳು ಹೂ ಬಿಡಲಿಲ್ಲ, ಹೊಸ ಬೀಜ ಉದುರಲಿಲ್ಲ, ಹಕ್ಕಿಗಳು ಮರಿ ಮಾಡಲಿಲ್ಲ. ನೆಲದ ಮೇಲಿದ್ದ ಸಣ್ಣ, ಮೆದು ಬೀಜಗಳು ಮೊದಲ ಕೆಲವು ತಿಂಗಳಲ್ಲಿಯೇ ಖಾಲಿಯಾದವು. ಉಳಿದದ್ದು ಹೆಚ್ಚಾಗಿ ಟ್ರಿಬ್ಯುಲಸ್ ಗಿಡದ ಗಟ್ಟಿ ಮುಳ್ಳುಕಾಯಿಗಳು. ಇದು ನಮಗೆ ಅಪರಿಚಿತ ಗಿಡವೇನಲ್ಲ. ನಮ್ಮ ಹೊಲದ ಬದುಗಳಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲುಮುಳ್ಳಿನ ಖಾಸಾ ಸಂಬಂಧಿ. ಆ ಕಾಯನ್ನು ಬೆರಳಿನಲ್ಲಿ ಒತ್ತಿ ನೋಡಿದವರಿಗೆ ಅದನ್ನು ಒಡೆಯಲು ಎಂಥ ಬಲ ಬೇಕೆಂಬುದು ಗೊತ್ತು. ದಪ್ಪ ಕೊಕ್ಕಿನ ಹಕ್ಕಿಗಳು ಅದನ್ನು ಸೀಳಿ ಒಳಗಿನ ಬೀಜ ತಿನ್ನಬಲ್ಲವಾಗಿದ್ದವು. ತೆಳು ಕೊಕ್ಕಿನವುಗಳಿಗೆ ಆಗಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ ದ್ವೀಪದ ಈ ಫಿಂಚುಗಳಲ್ಲಿ ಸುಮಾರು ಶೇ. 85ರಷ್ಟು ಸತ್ತುಹೋಗಿದ್ದವು. ಉಳಿದವುಗಳ ಕೊಕ್ಕನ್ನು ಅಳೆದಾಗ ಸರಾಸರಿ ದಪ್ಪ, ಬರಕ್ಕೆ ಮುಂಚಿನದಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚಾಗಿತ್ತು. ಮುಂದಿನ ವರ್ಷ ಹುಟ್ಟಿದ ಮರಿಗಳ ಕೊಕ್ಕು ಕೂಡ ಬರಕ್ಕೆ ಮುಂಚಿನ ಪೀಳಿಗೆಯದಕ್ಕಿಂತ ದಪ್ಪನೆಯದಾಗಿತ್ತು.

ಅರ್ಧ ಮಿಲಿಮೀಟರ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಅಂತರ. ಆ ವರ್ಷ ಬದುಕೂ ಸಾವೂ ಅದರ ಮೇಲೆ ನಿಂತಿದ್ದವು. ಇಲ್ಲಿ ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತೊಂದಿದೆ. ಬರಗಾಲದಲ್ಲಿ ಯಾವ ಹಕ್ಕಿಯ ಕೊಕ್ಕೂ ದಪ್ಪಗಾಗಲಿಲ್ಲ. ಬದುಕಿದ ಪ್ರತಿಯೊಂದು ಹಕ್ಕಿಯ ಕೊಕ್ಕೂ 1976ರಲ್ಲಿ, ಮಳೆ ಚೆನ್ನಾಗಿ ಬಂದು ಎಲ್ಲರಿಗೂ ಮೆದು ಬೀಜ ಸಿಗುತ್ತಿದ್ದಾಗ, ಎಷ್ಟು ದಪ್ಪವಿತ್ತೋ ಅಷ್ಟೇ ಇತ್ತು. ಬದಲಾದದ್ದು ಹಕ್ಕಿಯಲ್ಲ, ಹಕ್ಕಿಗಳ ಸಮುದಾಯ. ಸುಭಿಕ್ಷದ ವರ್ಷದಲ್ಲಿ ಆ ದಪ್ಪ ಕೊಕ್ಕಿಗೆ ವಿಶೇಷ ಲಾಭವಿರಲಿಲ್ಲ. ಅದು ಸುಮ್ಮನೆ ಇತ್ತು. ಹಾಗೆ ಸುಮ್ಮನೆ ಇದ್ದದ್ದೇ ಆ ದ್ವೀಪದಲ್ಲಿ ಫಿಂಚುಗಳ ವಂಶವನ್ನು ಉಳಿಸಿತು.

ಕಥೆ ಇಷ್ಟಕ್ಕೇ ನಿಲ್ಲಲಿಲ್ಲ. 1982-83ರಲ್ಲಿ, ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ಪ್ರಭಾವದಿಂದ ದ್ವೀಪದ ಮೇಲೆ ಅಪಾರ ಮಳೆ ಸುರಿಯಿತು, ಬಳ್ಳಿಗಳು ಹಬ್ಬಿ ಸಣ್ಣ ಬೀಜಗಳು ರಾಶಿಬಿದ್ದವು, ಮುಂದಿನ ವರ್ಷಗಳಲ್ಲಿ ಸಣ್ಣ ಕೊಕ್ಕಿನ ಹಕ್ಕಿಗಳಿಗೆ ಅನುಕೂಲವಾಯಿತು. ಅದೇ ಕಾಲದಲ್ಲಿ ಇನ್ನೂ ದೊಡ್ಡ ಕೊಕ್ಕಿನ, ಬೇರೆ ಪ್ರಭೇದದ ದೊಡ್ಡ ನೆಲಫಿಂಚು ಬಂದು ದ್ವೀಪದಲ್ಲಿ ನೆಲೆಯೂರಿತು. 2004-05ರಲ್ಲಿ ಮತ್ತೆ ಬರ ಬಂದಾಗ ನೆಗ್ಗಿಲಿನ ಕಾಯಿಗಳನ್ನು ಈ ಹೊಸಬರೇ ತಿಂದು ಮುಗಿಸಿದರು. ಹಾಗಾಗಿ, 1977ರಲ್ಲಿ ಪ್ರಾಣ ಉಳಿಸಿದ್ದ ದಪ್ಪ ಕೊಕ್ಕು ಈ ಸಲ ಪ್ರಾಣಕ್ಕೆ ಎರವಾಯಿತು. ಸಣ್ಣ ಕೊಕ್ಕಿನವು ಹೆಚ್ಚಾಗಿ ಬದುಕಿದವು. 2016ರಲ್ಲಿ ಪ್ರಕಟವಾದ ಸಂಶೋಧನೆ ಇದರ ಹಿಂದಿದ್ದ ವಂಶವಾಹಿ(ಜೀನ್)ಯೊಂದನ್ನು ಗುರುತಿಸಿತು. ಎಚ್‌ಎಂಜಿಎ2 ಎಂಬ ಆ ವಂಶವಾಹಿಗೆ ಎರಡು ರೂಪಗಳಿವೆ. ಒಂದು ದೊಡ್ಡ ಕೊಕ್ಕಿನ ಜೊತೆಗೂ ಇನ್ನೊಂದು ಸಣ್ಣ ಕೊಕ್ಕಿನ ಜೊತೆಗೂ ಸಾಗುತ್ತದೆ. ಆ ಬರದಲ್ಲಿ ಸಣ್ಣ ಕೊಕ್ಕಿನ ರೂಪವನ್ನು ಹೊತ್ತವುಗಳೇ ಹೆಚ್ಚಾಗಿ ಪಾರಾದವು. 1977ರ ಬರವು ಸಣ್ಣ ಕೊಕ್ಕಿನ ರೂಪವನ್ನು ಪೂರ್ತಿ ಅಳಿಸಿಹಾಕಿದ್ದರೆ 2005ರಲ್ಲಿ ಆರಿಸಲು ಏನು ಉಳಿದಿರುತ್ತಿತ್ತು? ಈ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ನನಗೇ ಕೇಳಿಕೊಂಡಿದ್ದೇನೆ, ಏಕೆಂದರೆ "ಉತ್ತಮವಾದದ್ದು ಉಳಿಯುತ್ತದೆ" ಎಂಬ ಮಾತು ಎಷ್ಟು ಅಪೂರ್ಣವೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಯಾವುದು ಉತ್ತಮ ಎಂಬುದು ಆ ವರ್ಷದ ಮಳೆಯ ಮೇಲೂ ನೆರೆಹೊರೆಯವರ ಮೇಲೂ ನಿಂತಿರುತ್ತದೆ.

ಸಭಿಕರೊಬ್ಬರು ಇಲ್ಲಿ ಒಂದು ಒಳ್ಳೆಯ ಸಂದೇಹ ಎತ್ತಿದರು: ಹಕ್ಕಿಯ ವಿಷಯ ಸರಿ, ಆದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಔಷಧದ ಹೊಡೆತ ತಿಂದ ಮೇಲೆಯೇ ಹಾಗಾಗುತ್ತವಲ್ಲವೇ ಎಂದು. ಇದೇ ಸಂದೇಹವನ್ನು ಅಮೆರಿಕದ ವಿಜ್ಞಾನಿಗಳಾದ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ 1952ರಲ್ಲಿ ಒಂದು ಮಖಮಲ್ ಬಟ್ಟೆಯ ತುಂಡಿನಿಂದ ಪರಿಹರಿಸಿದರು. ಔಷಧವಿಲ್ಲದ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಅದರ ಮೇಲೆ ಮಖಮಲ್ಲನ್ನು ಒತ್ತಿ, ಅಂಟಿಕೊಂಡ ಬ್ಯಾಕ್ಟೀರಿಯಾಗಳನ್ನು ಮುದ್ರೆಯೊತ್ತಿದಂತೆ ಔಷಧವಿರುವ ಹಲವು ತಟ್ಟೆಗಳ ಮೇಲೆ ಒತ್ತಿದರು. ಎಲ್ಲ ತಟ್ಟೆಗಳಲ್ಲಿಯೂ ಒಂದೇ ಸ್ಥಾನದಲ್ಲಿ ಬ್ಯಾಕ್ಟೀರಿಯಾ ಬದುಕಿ ಬೆಳೆದವು. ಮೂಲ ತಟ್ಟೆಯಲ್ಲಿ ಅದೇ ಸ್ಥಾನದಲ್ಲಿದ್ದ, ಔಷಧದ ಸ್ಪರ್ಶವೇ ಇಲ್ಲದ ಬ್ಯಾಕ್ಟೀರಿಯಾಗಳನ್ನು ತೆಗೆದು ಪರೀಕ್ಷಿಸಿದಾಗ ಅವೂ ಔಷಧವನ್ನು ತಾಳಿಕೊಂಡವು. ಗುಣ ಮೊದಲೇ ಇತ್ತು. ಔಷಧ ಅದನ್ನು ಬಯಲಿಗೆ ತಂದಿತು.

ಹಾಗಾದರೆ ಈ ವ್ಯತ್ಯಾಸಗಳು ಎಲ್ಲಿಂದ ಬರುತ್ತವೆ? ಮೂಲ ಒಂದೇ: ಡಿಎನ್‌ಎಯಲ್ಲಿ, ಹೆಚ್ಚಾಗಿ ಅದು ನಕಲಾಗುವಾಗ, ಆಗುವ ಬದಲಾವಣೆ, ಅಂದರೆ ಉತ್ಪರಿವರ್ತನೆ. ಮನುಷ್ಯರಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಬರುವ ಎರಡು ಡಿಎನ್‌ಎ ಪ್ರತಿಗಳಲ್ಲಿ ಒಂದೊಂದರಲ್ಲಿಯೂ ಸುಮಾರು 300 ಕೋಟಿ ಅಕ್ಷರಗಳಿವೆ, ಅಂದರೆ ಡಿಎನ್‌ಎಯನ್ನು ಕಟ್ಟಿದ ಸಣ್ಣ ರಾಸಾಯನಿಕ ಘಟಕಗಳಿವೆ. ಹುಟ್ಟುವ ಪ್ರತಿ ಮಗುವಿನಲ್ಲಿ ತಂದೆತಾಯಿ ಇಬ್ಬರಲ್ಲೂ ಇಲ್ಲದ ಹೊಸ ಅಕ್ಷರಗಳು ಸರಾಸರಿ 60ರಿಂದ 70 ಇರುತ್ತವೆ. ಇವುಗಳಲ್ಲಿ ಹೆಚ್ಚಿನವು ಒಳಿತನ್ನೂ ಮಾಡುವುದಿಲ್ಲ, ಕೆಡುಕನ್ನೂ ಮಾಡುವುದಿಲ್ಲ. ಕೆಲವು ಹಾನಿ ಮಾಡುತ್ತವೆ. ಅಪರೂಪಕ್ಕೆ ಒಂದು ಯಾವುದೋ ಸಂದರ್ಭದಲ್ಲಿ ನೆರವಿಗೆ ಬರುತ್ತದೆ. ಇದನ್ನು "ತಪ್ಪು" ಎಂದು ಕರೆಯುವ ರೂಢಿ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಒಂದೂ ತಪ್ಪಿಲ್ಲದೆ ನಕಲಾಗುವ ಜೀವಿಯಿದ್ದಿದ್ದರೆ ಅದು ಇಂದಿಗೂ ಮೊದಲ ಏಕಕೋಶವಾಗಿಯೇ ಇರುತ್ತಿತ್ತು, ಅಥವಾ ಮೊದಲ ಕಷ್ಟದಲ್ಲಿಯೇ ಅಳಿದಿರುತ್ತಿತ್ತು.

ಹೀಗೆ ಹುಟ್ಟಿದ ವ್ಯತ್ಯಾಸಗಳನ್ನು ಲೈಂಗಿಕ ಸಂತಾನೋತ್ಪತ್ತಿ ಪ್ರತಿ ಪೀಳಿಗೆಯಲ್ಲಿಯೂ ಕಲಸಿ ಹಂಚುತ್ತದೆ. ನಮ್ಮ ಜೀವಕೋಶಗಳಲ್ಲಿ ಡಿಎನ್‌ಎಯನ್ನು ಹೊತ್ತ 23 ಜೋಡಿ ವರ್ಣತಂತುಗಳಿವೆ (ಕ್ರೋಮೋಸೋಮ್); ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಪ್ರತಿ ಜೋಡಿಯಿಂದ ಒಂದೊಂದು ಮಾತ್ರ ಹೋಗುತ್ತದೆ. ಇಪ್ಪತ್ತಮೂರು ಎರಡುಗಳನ್ನು ಒಂದಕ್ಕೊಂದು ಗುಣಿಸಿ ನೋಡಿದರೆ ಒಬ್ಬ ವ್ಯಕ್ತಿಯಿಂದ ಸಾಧ್ಯವಿರುವ ಜೋಡಣೆಗಳ ಸಂಖ್ಯೆ 83,88,608, ಅಂದರೆ ಹತ್ತಿರ ಹತ್ತಿರ 84 ಲಕ್ಷ. ನಮ್ಮ ಹಿರಿಯರು ಹೇಳುತ್ತಿದ್ದ ಎಂಬತ್ತನಾಲ್ಕು ಲಕ್ಷ ಯೋನಿಗಳ ಲೆಕ್ಕಕ್ಕೂ ಇದಕ್ಕೂ ಯಾವ ನಂಟೂ ಇಲ್ಲ, ಆ ಹೋಲಿಕೆ ಬರಿಯ ಆಕಸ್ಮಿಕ. ಆದರೂ ಈ ಸಂಖ್ಯೆಯನ್ನು ನೆನಪಿಡಲು ನಮಗೆ ಅದು ಅನುಕೂಲ. ವರ್ಣತಂತುಗಳು ತಮ್ಮತಮ್ಮಲ್ಲಿ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವುದನ್ನೂ ಸೇರಿಸಿದರೆ ಸಾಧ್ಯತೆಗಳಿಗೆ ಲೆಕ್ಕವೇ ಸಿಗುವುದಿಲ್ಲ. ಒಡಹುಟ್ಟಿದವರು ಒಬ್ಬರಂತೆ ಒಬ್ಬರಿರದಿರುವುದಕ್ಕೆ ಇದೇ ಕಾರಣ.

ಡಾರ್ವಿನ್ನನನ್ನು ಬಹಳ ಕಾಡಿದ ತೊಡಕೊಂದನ್ನು ಇಲ್ಲಿ ಹೇಳಬೇಕು. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರ್ ಒಂದು ಆಕ್ಷೇಪ ಎತ್ತಿದ. ತಂದೆತಾಯಿಯ ಗುಣಗಳು ಮಗುವಿನಲ್ಲಿ ಹಾಲಿಗೆ ನೀರು ಬೆರೆತಂತೆ ಬೆರೆಯುವುದಾದರೆ, ಹೊಸದಾಗಿ ಮೂಡಿದ ಒಳ್ಳೆಯ ಗುಣ ಕೆಲವೇ ಪೀಳಿಗೆಗಳಲ್ಲಿ ತೆಳುವಾಗಿ ಮಾಯವಾಗಬೇಕಲ್ಲ, ನಿಸರ್ಗ ಆರಿಸುವುದಾದರೂ ಏನನ್ನು? ಆಕ್ಷೇಪ ಬಲವಾಗಿತ್ತು. ಉತ್ತರ ಅದಾಗಲೇ ಬ್ರುನೋ ಪಟ್ಟಣದ ಮಠವೊಂದರ ತೋಟದಲ್ಲಿ ಬೆಳೆದು, 1866ರಲ್ಲಿ ಅಚ್ಚಾಗಿಯೂ ಇತ್ತು. ಗಮನಿಸಿದವರು ಮಾತ್ರ ವಿರಳ. ಆ ಮಠದ ಸನ್ಯಾಸಿ ಗ್ರೆಗರ್ ಮೆಂಡೆಲ್ ದುಂಡು ಬೀಜದ ಬಟಾಣಿಯನ್ನೂ ಸುಕ್ಕು ಬೀಜದ ಬಟಾಣಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡಗೆ ಬಂದವು, ಸುಕ್ಕು ಕಾಣೆಯಾಯಿತು. ಆ ಗಿಡಗಳ ಮುಂದಿನ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು ಬೀಜಗಳು ಬಂದವು. ಮರಳಿ ಬಂದ ಸುಕ್ಕು ಅರೆಬರೆ ಸುಕ್ಕಲ್ಲ, ಅಜ್ಜಿಯಲ್ಲಿದ್ದಂಥ ಪೂರ್ಣ ಸುಕ್ಕು. ಗುಣಗಳು ಹಾಲು-ನೀರಿನಂತೆ ಬೆರೆಯುವುದಿಲ್ಲ, ರಾಗಿಯಲ್ಲಿ ಸಾಸಿವೆ ಬೆರೆತಂತೆ ಬೆರೆಯುತ್ತವೆ. ಎಷ್ಟು ಕಲಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ವೈವಿಧ್ಯ ಕರಗದೆ ಪೀಳಿಗೆಗಳ ಆಳದಲ್ಲಿ ಕಾದು ಕುಳಿತಿರಲು ಸಾಧ್ಯವಾಗಿರುವುದು ಇದರಿಂದಲೇ. ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನಿನಲ್ಲಿ ಮೈಮೇಲಿನ ಗಟ್ಟಿ ಫಲಕಗಳನ್ನು ಕಡಿಮೆ ಮಾಡುವ ವಂಶವಾಹಿ ರೂಪವೊಂದು ಕಡಲಿನಲ್ಲಿ ಅಪರೂಪಕ್ಕೆ ಅಡಗಿರುತ್ತದೆ. ಹಿಮಯುಗ ಮುಗಿದು ಹೊಸ ಸಿಹಿನೀರಿನ ಕೆರೆಗಳು ಮೂಡಿದಾಗ ಅಲ್ಲಿಗೆ ಬಂದ ಮೀನುಗಳಲ್ಲಿ ಅದೇ ಹಳೆಯ ರೂಪ ಕೆರೆ ಕೆರೆಯಲ್ಲೂ ಮೇಲೆದ್ದು ಬಂದಿತು.

ಮನುಷ್ಯರಿಗೂ ಈ ನಿಯಮ ಅನ್ವಯಿಸುತ್ತದೆ, ನೋವಿನೊಂದಿಗೆ. ಹಿಮೋಗ್ಲೋಬಿನ್ನಿನ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಕಾಯಿಲೆಯನ್ನು ಸಿಕಲ್ ಸೆಲ್ ರಕ್ತಹೀನತೆ ಎನ್ನುತ್ತೇವೆ. ವಂಶವಾಹಿಯ ಬದಲಾದ ಪ್ರತಿಯು ತಂದೆತಾಯಿ ಇಬ್ಬರಿಂದಲೂ ಬಂದರೆ ಮಗು ಜೀವನವಿಡೀ ನರಳಬೇಕು. ಒಬ್ಬರಿಂದ ಮಾತ್ರ ಬಂದರೆ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ, ಜೊತೆಗೆ ಮಾರಣಾಂತಿಕ ಮಲೇರಿಯಾದಿಂದ ರಕ್ಷಣೆಯೂ ಸಿಗುತ್ತದೆ. ರಕ್ತದ ಇಂಥ ಕಾಯಿಲೆಗಳಿಗೂ ಮಲೇರಿಯಾಕ್ಕೂ ಸಂಬಂಧವಿರಬಹುದೆಂದು 1949ರಲ್ಲಿ ಸೂಚಿಸಿದವರು ಬ್ರಿಟನ್ನಿನ ತಳಿವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್; ಮುಂದೆ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯವರೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ಸಿಕಲ್ ಸೆಲ್ ವಿಷಯದಲ್ಲಿ ಇದನ್ನು 1954ರಲ್ಲಿ ಆಂಟನಿ ಆಲಿಸನ್ ಆಫ್ರಿಕಾದಲ್ಲಿ ತೋರಿಸಿಕೊಟ್ಟರು. ನೀಲಗಿರಿಯ ಬುಡಕಟ್ಟು ಜನರಲ್ಲಿ ಈ ಗುಣ 1952ರಲ್ಲಿಯೇ ಪತ್ತೆಯಾಗಿತ್ತು. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಸಮುದಾಯಗಳಲ್ಲಿಯೂ ಅದು ಇದೆ. ಆ ಮಕ್ಕಳ ಕಾಯಿಲೆಯನ್ನು ಯಾರದೋ ದೋಷವೆಂದು ಕಾಣುವವರಿಗೆ ನಾನು ಹೇಳಬಯಸುವುದು ಇಷ್ಟೇ: ತಲೆತಲಾಂತರಗಳಿಂದ ಮಲೇರಿಯಾದ ನಡುವೆ ಬದುಕಿದ ಸಮುದಾಯವೊಂದು ಉಳಿದು ಬಂದದ್ದಕ್ಕೆ ತೆತ್ತ ಬೆಲೆ ಅದು, ಮತ್ತು ಆ ಬೆಲೆಯನ್ನು ಇನ್ನು ಚಿಕಿತ್ಸೆಯಿಂದ ತೀರಿಸುವ ಹೊಣೆ ನಮ್ಮೆಲ್ಲರದು.

ಇಲ್ಲಿಯವರೆಗೆ ಹೇಳಿದ್ದು ಒಂದು ಪ್ರಭೇದ ತನ್ನೊಳಗೇ ಬದಲಾಗುವ ಬಗೆ. ಒಂದು ಪ್ರಭೇದ ಎರಡಾಗುವುದು ಹೇಗೆ? ಸಾಮಾನ್ಯ ಹಾದಿಯೆಂದರೆ ಅಗಲಿಕೆ. ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳಲ್ಲಿ ಶೋಲಾಕಿಲಿ ಎಂಬ ಪುಟ್ಟ ನೀಲಿ ಹಕ್ಕಿಯಿದೆ. ಅದು ಮಂಜಿನ ಕಾಡನ್ನು ಬಿಟ್ಟು ಕೆಳಗಿಳಿಯುವುದಿಲ್ಲ. ನೀಲಗಿರಿಗೂ ದಕ್ಷಿಣದ ಆನೈಮಲೈ ಬೆಟ್ಟಗಳಿಗೂ ನಡುವೆ ಪಾಲಕ್ಕಾಡಿನ ತಗ್ಗು ಹರಡಿದೆ; ಬಿಸಿಗಾಳಿಯ ಆ ಬಯಲನ್ನು ದಾಟುವುದು ಇಂಥ ಹಕ್ಕಿಗೆ ಕಡಲು ದಾಟಿದಂತೆ. ಎರಡೂ ಕಡೆಯ ಸಮೂಹಗಳಲ್ಲಿ ಬೇರೆ ಬೇರೆ ಉತ್ಪರಿವರ್ತನೆಗಳು ಕೂಡುತ್ತಾ ಹೋದವು, ಒಂದರದು ಇನ್ನೊಂದಕ್ಕೆ ತಲುಪಲಿಲ್ಲ. ಇಂದು ಉತ್ತರದ ಹಕ್ಕಿಯ ಪಕ್ಕೆಗಳು ಇಟ್ಟಿಗೆಗೆಂಪು. ದಕ್ಷಿಣದ್ದರ ಹೊಟ್ಟೆ ಬಿಳಿ. ಡಿಎನ್‌ಎ ಅಧ್ಯಯನಗಳು ಅವನ್ನು ಬೇರೆ ಬೇರೆ ಪ್ರಭೇದಗಳೆಂದೇ ಗುರುತಿಸುತ್ತವೆ.

ಅಗಲಿಕೆಗೆ ವಿರುದ್ಧವಾದ ಕೂಡಿಕೆಯಿಂದಲೂ ಹೊಸ ವಂಶ ಹುಟ್ಟಬಹುದು. 1981ರಲ್ಲಿ ನೂರು ಕಿಲೋಮೀಟರಿಗೂ ಆಚೆಯ ಎಸ್ಪನ್ಯೋಲಾ ದ್ವೀಪದಿಂದ ಒಂಟಿ ಗಂಡುಫಿಂಚೊಂದು ಡ್ಯಾಫ್ನಿಗೆ ಹಾರಿಬಂತು. ಬೇರೆ ಪ್ರಭೇದದ ಆ ಹಕ್ಕಿ ಸ್ಥಳೀಯ ಹೆಣ್ಣಿನೊಡನೆ ಕೂಡಿತು. ಅದರ ಸಂತತಿ ಅಪ್ಪನ ಹಾಡನ್ನೇ ಹಾಡುತ್ತಿತ್ತು; ಗಾತ್ರವೂ ಕೊಕ್ಕೂ ಬೇರೆಯಾಗಿದ್ದವು; ಕ್ರಮೇಣ ಅವು ತಮ್ಮೊಳಗೇ ಜೋಡಿಯಾಗತೊಡಗಿದವು. ಕೆಲವೇ ಪೀಳಿಗೆಗಳಲ್ಲಿ ಪ್ರತ್ಯೇಕವಾಗಿ ಸಾಗುವ ವಂಶವೊಂದು ಮನುಷ್ಯರ ಕಣ್ಣೆದುರಿಗೇ ರೂಪುಗೊಂಡಿತು. ದೂರವಾದ ಬಂಧುಗಳನ್ನು ಕೂಡಿಸಿ ಹೊಸ ಸಾಧ್ಯತೆ ತೆರೆಯುವ ಈ ಹಾದಿಯನ್ನು ನಮ್ಮ ನೆಲದಲ್ಲಿ ರಾಗಿ ತಳಿಗಳ ವಿಜ್ಞಾನಿ, ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದವರು, ಬೇಸಾಯಕ್ಕಾಗಿ ತುಳಿದರು. ರಾಗಿಯ ತವರು ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದು ಇಲ್ಲಿನದೇ ಆದ ರಾಗಿಯನ್ನು ಅವರು ಆಫ್ರಿಕದ ರಾಗಿಯೊಂದಿಗೆ ಕೂಡಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿ "ಇಂಡಾಫ್" ಆಯಿತು. ರಾಗಿಯ ಹೂವು ತೀರಾ ಸಣ್ಣದು, ತನ್ನೊಳಗೇ ಪರಾಗ ಮುಗಿಸಿಕೊಳ್ಳುವ ಬೆಳೆ. ಅದರಲ್ಲಿ ಈ ಸಂಕರ ಸಾಧಿಸಿದ ತಾಳ್ಮೆ ಬೆರಗು ಹುಟ್ಟಿಸುತ್ತದೆ.

ಕೊನೆಯದಾಗಿ, ದಾಸ್ತಾನು ಕರಗಿದರೆ ಏನಾಗುತ್ತದೆ ಎಂಬುದಕ್ಕೆ ಬರುತ್ತೇನೆ. ಒಡಿಶಾದ ಸಿಮಿಲಿಪಾಲ್ ಕಾಡಿನಲ್ಲಿ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡು, ಮೈಯೆಲ್ಲ ಕಪ್ಪಾಗಿ ಕಾಣುವ ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು 2021ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು: ಟ್ಯಾಕ್‌ಪೆಪ್ ಎಂಬ ವಂಶವಾಹಿಯಲ್ಲಿ ಒಂದೇ ಅಕ್ಷರದ ಬದಲಾವಣೆ. ಎರಡೂ ಪ್ರತಿಗಳಲ್ಲಿ ಅದಿದ್ದರೆ ಮಾತ್ರ ಹುಲಿ ಕಪ್ಪಾಗುತ್ತದೆ. ಅವರು ಪರೀಕ್ಷಿಸಿದ ದೇಶದ ಇತರ ಕಾಡುಗಳ ಹುಲಿಗಳಲ್ಲಿ ಸಿಗದ ಈ ರೂಪ ಸಿಮಿಲಿಪಾಲಿನಲ್ಲಿ ಮೂರರಲ್ಲಿ ಒಂದು ಹುಲಿಗಿಂತ ಹೆಚ್ಚಿನವುಗಳಲ್ಲಿ ಕಪ್ಪಾಗಿ ಮೈದೋರುತ್ತದೆ. ಕಪ್ಪು ಬಣ್ಣ ಲಾಭ ತಂದಿತೆನ್ನುವುದಕ್ಕಿಂತ, ಬೇರೆ ಹುಲಿಗಳಿಂದ ಕಡಿದುಹೋಗಿ ಬೆರಳೆಣಿಕೆಯ ಪೂರ್ವಜರಿಂದ ಬೆಳೆದ ಸಮೂಹವಾದ್ದರಿಂದ, ಆ ಕೆಲವರಲ್ಲಿ ಒಬ್ಬರಲ್ಲಿದ್ದ ಅಪರೂಪದ ರೂಪ ಆಕಸ್ಮಿಕವಾಗಿ ಹೆಚ್ಚಿತೆನ್ನುವುದೇ ಹೆಚ್ಚು ಸರಿ. ಹತ್ತು ಮನೆಯ ಊರಿನಲ್ಲಿ ಒಂದು ಮನೆತನದ ಮಕ್ಕಳು ಹೆಚ್ಚಾದರೆ ಊರಿನ ಮುಖಚಹರೆಯೇ ಅದಾಗುತ್ತದೆ. ಇದೇ ಆಕಸ್ಮಿಕಕ್ಕೆ ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ. ಇಂಥ ಕಡೆ ಹಾನಿಕಾರಕ ರೂಪವೂ ಹೀಗೆಯೇ ಹೆಚ್ಚಬಹುದು, ಬೇಕಾದ ರೂಪವೂ ಹೀಗೆಯೇ ಕಳೆದುಹೋಗಬಹುದು. ಕಪ್ಪು ಹುಲಿಯನ್ನು ನೋಡಲು ಪ್ರವಾಸಿಗರು ಮುಗಿಬೀಳುತ್ತಾರೆ. ನನಗೆ ಆ ಚೆಲುವಿನ ಹಿಂದೆ ಒಂಟಿತನವೇ ಕಾಣುತ್ತದೆ. ನಾಗರಹೊಳೆ, ಬಂಡೀಪುರ, ಮುದುಮಲೈ, ವಯನಾಡು ಕಾಡುಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ನಮ್ಮ ಹುಲಿಗಳಿಗೆ ಎಷ್ಟು ದೊಡ್ಡ ಭಾಗ್ಯವೆಂಬುದು ಸಿಮಿಲಿಪಾಲನ್ನು ನೋಡಿದಾಗ ಅರ್ಥವಾಗುತ್ತದೆ.

ಈ ಒಂಟಿತನವನ್ನು ಮುರಿಯಲೆಂದು 2024ರಲ್ಲಿ ಮಹಾರಾಷ್ಟ್ರದ ತಾಡೋಬಾ ಕಾಡಿನಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ಸಿಮಿಲಿಪಾಲಿಗೆ ತಂದು ಬಿಟ್ಟರು. ಜೀನತ್ ಡಿಸೆಂಬರಿನಲ್ಲಿ ಕಾಡು ಬಿಟ್ಟು ಹೊರಟು, ಜಾರ್ಖಂಡನ್ನು ಹಾದು ಪಶ್ಚಿಮ ಬಂಗಾಳದ ಬಾಂಕುರಾವರೆಗೆ ನಡೆದಳು. ಅಲ್ಲಿ ಅರಿವಳಿಕೆ ಕೊಟ್ಟು ಹಿಡಿದು ಅವಳನ್ನು ಮರಳಿ ಕರೆತಂದರು. ತಾಡೋಬಾದ ಹೆಣ್ಣು ಸಿಮಿಲಿಪಾಲಿನ ಕಪ್ಪು ಗಂಡಿನೊಡನೆ ಕೂಡಿದರೆ ಹುಟ್ಟುವ ಮರಿಗಳೆಲ್ಲ ಮಾಮೂಲಿ ಪಟ್ಟೆಯವೇ ಆಗಿರುತ್ತವೆ. ಮೆಂಡೆಲ್‌ನ ಸುಕ್ಕು ಬಟಾಣಿಯಂತೆ ಆ ಕಪ್ಪು ಅವುಗಳೊಳಗೆ ಕಾಣದಂತೆ ಕೂತಿರುತ್ತದೆ. ತಾಯಿಯ ಕಡೆಯಿಂದ ಬಂದ, ಇನ್ನೂ ಯಾರೂ ಹೆಸರಿಡದ ಎಷ್ಟೋ ವ್ಯತ್ಯಾಸಗಳೂ ಅದರ ಜೊತೆಗಿರುತ್ತವೆ.